ಬಸ್ತಿಮಾರು, ಇಳಿಯುವವರು ಇಳಿಯಿರಿ

ಆ ದಿನ ಹನ್ನೊಂದೂವರೆಯ ಬಸ್ಸು ಬಂದು ಹೋಯಿತು, ನಮ್ಮವರು ಮಾತ್ರ ಅದರಿಂದ ಇಳಿಯಲಿಲ್ಲ. ಅದನ್ನು ಹೇಳಲು ಅಂಗಳಕ್ಕೆ ಓಡಿ ಬಂದವಳು ಬೀಫಾತಿಮಾ. ಬಸ್ ತಂಗುದಾಣದ ಪಕ್ಕದಲ್ಲಿ ಅವಳದೊಂದು ಗೂಡಂಗಡಿ. ದಿನಾ ನಮ್ಮವರನ್ನು ಬಸ್ಸಿನಿಂದ ಇಳಿಸಿಕೊಂಡು, ರಸ್ತೆ ದಾಟಿಸಿ, ನಮ್ಮ ಓಣಿಯ ಬಾಯಿಯವರೆಗೆ ತಂದು ಬಿಡುವವಳು ಅವಳೇ.

"ಪ್ರೇಮಕ್ಕ, ಶೇಷಪ್ಪಣ್ಣ ಬಸ್ಸಲ್ಲೇ ಇದ್ದರು. ಕಿಟಕಿಯಲ್ಲಿ ಕಂಡರು. ನಾನು ಕೈ ಮಾಡಿದೆ. ಅವರೂ ಕೈ ಮಾಡಿದರು. ಬಸ್ಸು ಹೋಯಿತು!"

ನಾನು ಬೀಡಿ ಸುತ್ತುತ್ತಿದ್ದೆ. ಮೊರ ಮಡಿಲಿನಿಂದ ಜಾರಿ ಎಲೆಗಳೆಲ್ಲ ನೆಲಕ್ಕೆ ಬಿದ್ದವು.

ನಮ್ಮವರು ಮೂವತ್ತನಾಲ್ಕು ವರ್ಷ ಬೆಳ್ತಂಗಡಿ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆರು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ಚೀಲ ಇಟ್ಟ ಜಾಗ ಮರೆಯುತ್ತಿದ್ದರು, ಆಮೇಲೆ ಊಟ ಮಾಡಿದ್ದು, ಆಮೇಲೆ ಮಗಳು ದೀಪಶ್ರೀಯ ಹೆಸರು. ಎರಡು ವರ್ಷದಿಂದ ನನ್ನನ್ನು "ನೀವು" ಎನ್ನುತ್ತಾರೆ, ಯಾರೋ ಪ್ರಯಾಣಿಕರಿಗೆ ಹೇಳುವ ಹಾಗೆ. ಆದರೆ ಸ್ಟಾಪುಗಳ ಹೆಸರು ಒಂದೂ ತಪ್ಪಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗಲೇ ಬೆಳ್ತಂಗಡಿಯಿಂದ ಶುರು ಮಾಡಿ ಗುರುವಾಯನಕೆರೆ ದಾಟಿ ನಮ್ಮ ಬಸ್ತಿಮಾರಿಗೆ ಬಂದು, ವೇಣೂರಿನಲ್ಲಿ ಸ್ವಲ್ಪ ನಿಂತು, ಮೂಡುಬಿದಿರೆಗೆ ಮುಟ್ಟಿಸಿಯೇ ಚಹಾ ಕುಡಿಯುವುದು.

ದಿನಾ ಹತ್ತು ಗಂಟೆಯ ಬಸ್ಸಿಗೆ ಅವರು ಹೊರಡಲೇಬೇಕು. ತಡೆದರೆ ಗೇಟಿನ ಸರಳು ಹಿಡಿದು ಅಲುಗಾಡಿಸುತ್ತಾರೆ, ಅಳುತ್ತಾರೆ. ಡಾಕ್ಟರರೂ, ಅಭ್ಯಾಸವಾದದ್ದನ್ನು ಬಿಡಿಸಬೇಡಿ ಎಂದಿದ್ದರು. ಹಾಗಾಗಿ ವೇಣೂರಿಗೆ ಹೋಗುವುದು, ಅಲ್ಲಿ ಹೋಟೆಲಿನ ಬೆಂಚಿನಲ್ಲಿ ಒಂದು ಗಂಟೆ ಕೂರುವುದು, ಅದೇ ಬಸ್ಸು ಮೂಡುಬಿದಿರೆಗೆ ಹೋಗಿ ಹಿಂದೆ ಬರುವಾಗ ಹತ್ತಿ ಮನೆಗೆ ಬರುವುದು. ಟಿಕೆಟು ಇಲ್ಲ. ಬಸ್ಸಿನ ಕೆಲಸದವರು ಬಸ್ಸಿನ ಕೆಲಸದವರಿಗೆ ಟಿಕೆಟು ಕೊಡುವುದಿಲ್ಲ. "ಸ್ಟಾಫ್" ಎಂದು ಒಂದು ಮಾತು ಹೇಳಿದರೆ ಸಾಕು, ಯಾವ ಬಸ್ಸಿನಲ್ಲಿಯೂ ನಡೆಯುತ್ತದೆ. ಆ ಒಂದು ಮಾತೂ ಅವರಿಗೆ ಮರೆತಿರಲಿಲ್ಲ. ಅದನ್ನು ನಾನು ಒಳ್ಳೆಯದೆಂದೇ ಎಣಿಸಿದ್ದೆ.

ಹಳೆಯ ಕಂಡಕ್ಟರ್ ಶಂಭು ಅವರ ಕೈಕೆಳಗೆ ಕೆಲಸ ಕಲಿತವ. ದಿನಾ ನಮ್ಮ ಸ್ಟಾಪು ಬಂದಾಗ ದೊಡ್ಡ ಸ್ವರದಲ್ಲಿ, "ಬಸ್ತಿಮಾರು, ಇಳಿಯುವವರು ಇಳಿಯಿರಿ" ಎನ್ನುತ್ತಿದ್ದ. ಅದು ಕಿವಿಗೆ ಬಿದ್ದ ಕೂಡಲೇ ನಮ್ಮವರು ಎದ್ದು ನಿಲ್ಲುತ್ತಿದ್ದರು. ಶಂಭು ಕೆಲಸ ಬಿಟ್ಟು ಎರಡು ವಾರವಾಗಿತ್ತು. ಅವನ ಜಾಗಕ್ಕೆ ಬಂದವ ಲತೇಶ್ ಎಂಬ ಹುಡುಗ, ನರಿಕೊಂಬಿನವ. ಅಜ್ಜನೊಬ್ಬರು ಹತ್ತುತ್ತಾರೆ, ಟಿಕೆಟು ಕೇಳಬೇಡ, ಸ್ಟಾಪಿನ ಹೆಸರು ಗಟ್ಟಿಯಾಗಿ ಕರೆ ಎಂದು ಶಂಭು ಅವನಿಗೆ ಎಲ್ಲ ಹೇಳಿಯೇ ಹೋಗಿದ್ದ.

ಬೀಫಾತಿಮಾಳ ಫೋನಿನಲ್ಲಿ ಲತೇಶ್ ಸಿಕ್ಕಿದ. ಬಸ್ಸು ಆಗಲೇ ಬೆಳ್ತಂಗಡಿ ಸ್ಟ್ಯಾಂಡಿಗೆ ಮುಟ್ಟಿತ್ತು.

"ನಾನು ಎರಡು ಸಲ ಕರೆದಿದ್ದೇನೆ ಅಕ್ಕ. ದುರ್ಗಾನಗರ, ದುರ್ಗಾನಗರ ಅಂತ. ಅಜ್ಜ ನನ್ನ ಮುಖ ನೋಡಿ ನಕ್ಕರು. ಮುಂದೆ ಎಲ್ಲಿಯೋ ಹೋಗಲಿಕ್ಕುಂಟು ಅಂತ ಗ್ರಹಿಸಿದೆ. ಇಲ್ಲಿ ಎಲ್ಲರೊಟ್ಟಿಗೆ ಇಳಿದರು."

"ಈಗ ಎಲ್ಲಿದ್ದಾರೆ?"

ಅವನು ಸ್ಟ್ಯಾಂಡಿನಲ್ಲಿ ಅತ್ತ ಇತ್ತ ಓಡಿ ನೋಡುವುದು ಫೋನಿನಲ್ಲಿ ಕೇಳಿತು.

"ಕಾಣುವುದಿಲ್ಲ ಅಕ್ಕ."

ದುರ್ಗಾನಗರ ಎಂದರೆ ನಮ್ಮ ಬಸ್ತಿಮಾರೇ. ಹೆಸರು ಬದಲಾಗಿ ಆಗ ಹತ್ತು ದಿನ. ತಂಗುದಾಣದ ಹಳೆಯ ಹೆಸರು ಅಳಿಸಿದ್ದು ಹಿಂದಿನ ಸಂಜೆ, ಬಸ್ಸಿನವರು ಹೊಸದನ್ನು ಕರೆಯತೊಡಗಿದ್ದು ಆ ದಿನವೇ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ, ಈ ಮೂರು ತಾಲೂಕಿನಲ್ಲಿ ಬಸ್ಸು ಹತ್ತಿ ಕೂತರೆ ದೇವರ ಹೆಸರು ಕೇಳದೆ ನಾಲ್ಕು ಸ್ಟಾಪು ದಾಟಲು ಆಗುವುದಿಲ್ಲ. ಒಂದು ಬಸದಿಯದ್ದು, ಒಂದು ದೇವಸ್ಥಾನದ್ದು, ಒಂದು ದೈವದ ಕಟ್ಟೆಯದ್ದು, ಒಂದು ಮಸೀದಿಯದ್ದು, ಇಗರ್ಜಿಯದ್ದು. ಸ್ಟಾಪಿಗೆ ಇದ್ದ ಹೆಸರೇ ಪಂಚಾಯತಿನ ವಾರ್ಡಿಗೆ, ವಾರ್ಡಿಗೆ ಇದ್ದದ್ದೇ ಮತದಾರರ ಪಟ್ಟಿಗೆ. ನಮ್ಮದು ಬಸದಿಯ ಹೆಸರು. ಬಸದಿ ಎನ್ನಲು ಈಗ ಗದ್ದೆಯ ಆಚೆ ನಾಲ್ಕು ಸಾಲು ಕಲ್ಲಿನ ಪಂಚಾಂಗ, ಎಂದರೆ ಅಡಿಪಾಯ, ಅದರ ಮೇಲೆ ಒಂದು ಅಶ್ವತ್ಥದ ಗಿಡ, ಅಷ್ಟೇ. ನಾನು ಮದುವೆಯಾಗಿ ಬರುವ ಮೊದಲೇ ಮಾಡು ಕುಸಿದಿತ್ತಂತೆ. ಒಳಗಿದ್ದ ಪಾರ್ಶ್ವನಾಥ ಸ್ವಾಮಿಯನ್ನು ಮೂಡುಬಿದಿರೆಯ ಒಂದು ಬಸದಿಗೆ ಕೊಂಡುಹೋದರು. ಹೊತ್ತ ನಾಲ್ವರಲ್ಲಿ ನನ್ನ ಮಾವನೂ ಒಬ್ಬರು. ನಮ್ಮವರಿಗೆ ಆಗ ಹದಿನೆಂಟು, ಅವರೂ ಜೊತೆಗೆ ಮೂಡುಬಿದಿರೆಯವರೆಗೆ ನಡೆದವರು. ಸ್ವಾಮಿ ಹೋದ ಮೇಲೂ ಊರಿಗೆ ಹೆಸರು ಉಳಿಯಿತು. ಆ ಪಂಚಾಂಗದ ಮೇಲೆ ಸಂಜೆ ಒಂದು ದೀಪ ಇಡುವುದನ್ನು ನಮ್ಮ ಮನೆಯವರು ಬಿಟ್ಟದ್ದಿಲ್ಲ.

ಗುಡ್ಡೆಯ ಮೇಲಿನ ದುರ್ಗಾಪರಮೇಶ್ವರಿ ದೇವಸ್ಥಾನ ಜೀರ್ಣೋದ್ಧಾರವಾಗಿ ಈ ವರ್ಷ ಬ್ರಹ್ಮಕಲಶ ಆಯಿತು. ಐದು ದಿನ ನಾನು ಅಲ್ಲಿ ತರಕಾರಿ ಹಚ್ಚಿದ್ದೇನೆ, ಪಾತ್ರೆ ತೊಳೆದಿದ್ದೇನೆ. ವಾರ್ಡಿಗೆ ದೇವಿಯ ಹೆಸರು ಇಡುತ್ತಾರೆ ಎಂದು ಕೇಳಿದಾಗ ನನಗೆ ಏನೂ ಅನಿಸಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಹೊಸ ಕಮಾನು ಬಂತು. ತಂಗುದಾಣದ ಗೋಡೆಯಲ್ಲಿದ್ದ ಸಿಮೆಂಟಿನ ಅಕ್ಷರಗಳನ್ನು ಒಡೆದು ತೆಗೆದು, ಮೇಲೆ ಹಳದಿ ಬಣ್ಣ ಬಳಿದರು. ಚೆಂದವೇ ಕಾಣುತ್ತಿತ್ತು.

ಬೆಳ್ತಂಗಡಿಯಲ್ಲಿ ಆ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ನಾವು ಮೂವರು ಹುಡುಕಿದೆವು. ನಾನು, ದೀಪಶ್ರೀ, ಅಂಗಡಿ ಮುಚ್ಚಿ ಬಂದ ಬೀಫಾತಿಮಾ. ಏಪ್ರಿಲ್ ಬಿಸಿಲು, ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹೋಟೆಲು, ಮೆಡಿಕಲ್ಲು, ಸಂತೆಕಟ್ಟೆ, ಆಸ್ಪತ್ರೆ, ಶೌಚಾಲಯದ ಹಿಂಬದಿ. ಬಿಳಿ ಅಂಗಿ, ನೀಲಿ ಲುಂಗಿ, ಬಗಲಲ್ಲಿ ಚರ್ಮದ ಹಳೆಯ ಚೀಲ ಎಂದು ಕಂಡ ಕಂಡವರನ್ನೆಲ್ಲ ಕೇಳಿದೆವು. ಐದು ಗಂಟೆಗೆ ಒಬ್ಬ ರಿಕ್ಷಾದವ ಹೇಳಿದ, ಅಂಥ ಅಜ್ಜ ಒಬ್ಬರು ಬಂಟ್ವಾಳದ ಬಸ್ಸು ಹತ್ತಿದ್ದನ್ನು ಕಂಡೆ ಎಂದು. ಇನ್ನೊಬ್ಬ, ಅಲ್ಲ, ಅದು ಚಾರ್ಮಾಡಿಯ ಬಸ್ಸು ಎಂದ.

"ಚಾರ್ಮಾಡಿಗೆ ಹೋದರೆ ಘಾಟಿ, ಕಾಡು!" ದೀಪಶ್ರೀ ಬಸ್ ಸ್ಟ್ಯಾಂಡಿನ ನಡುವೆಯೇ ಅಳಲು ಶುರು ಮಾಡಿದಳು. "ನಾನು ಆವತ್ತೇ ಹೇಳಿದ್ದೆ ಅಮ್ಮ, ಒಬ್ಬರನ್ನೇ ಬಿಡುವುದು ಬೇಡ ಅಂತ. ನಿನಗೆ ಯಾವಾಗ ನೋಡಿದರೂ ತಾಳ್ಮೆ. ಆಗ್ತದೆ, ಬರ್ತಾರೆ, ನೋಡುವ. ಈಗ ನೋಡು!"

ನಾನು ಅವಳ ಕೈ ಹಿಡಿದು ಠಾಣೆಯ ಕಡೆ ನಡೆದೆ.

ಠಾಣೆಯಲ್ಲಿ ದೂರು ಬರೆದುಕೊಂಡರು. ದೀಪಶ್ರೀ ಫೋನಿನಲ್ಲಿ ಒಂದು ಪ್ರಕಟಣೆ ಮಾಡಿ ಎಲ್ಲ ಗುಂಪುಗಳಿಗೆ ಕಳಿಸಿದಳು: "ಬೆಳ್ತಂಗಡಿ ತಾಲೂಕು ದುರ್ಗಾನಗರ ನಿವಾಸಿ ಶೇಷಪ್ಪ, 78 ವರ್ಷ, ಕಾಣೆಯಾಗಿದ್ದಾರೆ." ಚಿತ್ರ ಹನ್ನೆರಡು ವರ್ಷ ಹಿಂದಿನದ್ದು, ಖಾಕಿ ಅಂಗಿ, ದಪ್ಪ ಮೀಸೆ. ಕಾಯಿಲೆ ಬಂದ ಮೇಲೆ ಅವರ ಚಿತ್ರ ತೆಗೆಯಲು ನಮಗೆ ಯಾರಿಗೂ ಮನಸ್ಸು ಬಂದಿರಲಿಲ್ಲ.

ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಅವರ ಮಾತ್ರೆಯ ಡಬ್ಬಿ ನನ್ನ ಕೈಯಲ್ಲಿಯೇ ಇತ್ತು.

ಮರುದಿನ ಹತ್ತು ಗಂಟೆಗೆ ಫೋನು ಬಂತು. ನರಿಕೊಂಬಿನಲ್ಲಿ ನೇತ್ರಾವತಿಯ ದಡದಲ್ಲಿ ಯಾರೋ ವಯಸ್ಸಾದವರ ಚಪ್ಪಲಿ, ಹೆಗಲಿಗೆ ಹಾಕುವ ಬೈರಾಸು ಸಿಕ್ಕಿದೆ, ಮನುಷ್ಯ ಕಾಣುವುದಿಲ್ಲ, ನೀವು ಬಂದು ನೋಡಿ ಎಂದು. ಫೋನು ಮಾಡಿದವ ಲತೇಶ್. ಅವನ ಮನೆಯ ಹತ್ತಿರವೇ ಅಂತೆ. ಅವನು ಆ ದಿನ ಕೆಲಸಕ್ಕೆ ರಜೆ ಹಾಕಿ ಹುಡುಕುತ್ತಿದ್ದ.

ಬಂಟ್ವಾಳದವರೆಗಿನ ಬಸ್ಸಿನಲ್ಲಿ ಬೀಫಾತಿಮಾ ನನ್ನ ಕೈ ಬಿಡಲಿಲ್ಲ. ಅವಳ ಬಾಯಿ ಅಲ್ಲಾಡುತ್ತಲೇ ಇತ್ತು, ಅವಳ ದೇವರಲ್ಲಿ ಏನೋ ಕೇಳುತ್ತಿದ್ದಳು. ನಾನು ದೇವಿಯ ಹೆಸರು ಹೇಳಲು ಹೋದೆ. ನಾಲಗೆಗೆ ಬಂದದ್ದು ದುರ್ಗಾನಗರ. ಬಾಯಿ ಮುಚ್ಚಿಕೊಂಡೆ.

ದಡದಲ್ಲಿ ಹತ್ತು ಹದಿನೈದು ಮಂದಿ ನಿಂತಿದ್ದರು. ದಾರಿ ಬಿಟ್ಟರು. ಕಲ್ಲಿನ ಮೇಲೆ ಒಂದು ಜೊತೆ ರಬ್ಬರು ಚಪ್ಪಲಿ, ಮಡಚಿದ ಬೈರಾಸು. ಬೈರಾಸು ನಮ್ಮವರದ್ದರ ಹಾಗೆಯೇ ಕೆಂಪು ಚೌಕದ್ದು. ನಾನು ಕೂತು ಚಪ್ಪಲಿಯನ್ನು ಕೈಗೆ ತೆಗೆದುಕೊಂಡೆ. ನಮ್ಮವರ ಎಡಗಾಲು ಸ್ವಲ್ಪ ಹೊರಗೆ ತಿರುಗುತ್ತದೆ, ಬಸ್ಸಿನ ಮೆಟ್ಟಲಲ್ಲಿ ನಿಂತು ನಿಂತು ಹಾಗಾದದ್ದು. ಅವರ ಎಡ ಚಪ್ಪಲಿ ಹೊರಬದಿಗೆ ಸವೆಯುತ್ತದೆ. ಇದು ಎರಡೂ ಸಮ ಸವೆದಿತ್ತು.

"ಇದು ಅವರದ್ದಲ್ಲ," ಎಂದೆ.

"ಸರಿ ನೋಡಿ ಅಜ್ಜಿ," ಎಂದರು ಯಾರೋ.

"ಐವತ್ತು ವರ್ಷದಿಂದ ನೋಡ್ತಿದ್ದೇನೆ ಮಗಾ."

ಅಷ್ಟರಲ್ಲಿ ಚಪ್ಪಲಿಯ ಯಜಮಾನರೇ ಮೇಲಿನ ತೋಟದಿಂದ ಬೈಯುತ್ತಾ ಇಳಿದು ಬಂದರು. "ಒಂದು ಮನುಷ್ಯ ಹೊಟ್ಟೆ ಸರಿಯಿಲ್ಲ ಅಂತ ಗುಡ್ಡಕ್ಕೆ ಹೋಗುವ ಹಾಗಿಲ್ಲವಾ ಈ ಊರಲ್ಲಿ? ಇಷ್ಟು ಬೇಗ ನನ್ನನ್ನು ನೀರಿಗೆ ಹಾಕಿದಿರಾ?" ಜನ ನಕ್ಕರು. ಬೀಫಾತಿಮಾ ಕೂಡ ನಕ್ಕಳು, ನಕ್ಕು ಅಲ್ಲಿಯೇ ಮರಳಿನಲ್ಲಿ ಕುಸಿದು ಕೂತಳು. ನನಗೂ ನಗು ಬಂತು. ಅದರ ಹಿಂದೆಯೇ ವಾಂತಿ.

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಲತೇಶ್ ನಮ್ಮನ್ನು ಚಹಾಕ್ಕೆ ಒಂದು ಕ್ಯಾಂಟೀನಿಗೆ ಕರೆದುಕೊಂಡು ಹೋದ. ಅಲ್ಲಿಯೂ ಫೋನಿನ ಚಿತ್ರ ತೋರಿಸಿದ.

ಕ್ಯಾಂಟೀನಿನವ ನೋಡಿ ತಲೆ ಆಡಿಸಿದ. "ಇವರನ್ನು ನಾನು ಕಂಡಿಲ್ಲ. ಈ ಪ್ರಕಟಣೆ ನನಗೆ ನಿನ್ನೆಯೇ ಬಂದಿದೆ. ನಿನ್ನೆ ಸಂಜೆ ಒಬ್ಬ ಅಜ್ಜ ಬಂದಿದ್ದರು, ಆದರೆ ಅವರು ಬೇರೆ. ಮೀಸೆ ಇಲ್ಲ, ಸಪೂರ, ಎಲುಬು ಕಾಣುವಷ್ಟು. ಊರು ಯಾವುದು ಅಂತ ಕೇಳಿದೆ. ದುರ್ಗಾನಗರ ಅಲ್ಲ, ಎಂಥದೋ ಬಸ್ತಿಮಾರು ಅಂದರು. ಅಂಥ ಊರು ಇಲ್ಲಿ ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಹಾಕಿ ನೋಡಿದೆ, ಬರುವುದಿಲ್ಲ. ಒಂದು ಬನ್ಸು ಕೊಟ್ಟೆ."

ನಾನು ಗ್ಲಾಸು ಕೆಳಗಿಟ್ಟು ಎದ್ದೆ.

"ಎಲ್ಲಿಗೆ ಹೋದರು?"

"ಬಂದ ಬಂದ ಬಸ್ಸಿನ ಕಂಡಕ್ಟರನ್ನು ಕೇಳ್ತಿದ್ದರು, ಬಸ್ತಿಮಾರು ಹೋಗ್ತದಾ ಅಂತ. ಇಲ್ಲ, ಇಲ್ಲ ಅಂತಲೇ ಹೇಳ್ತಿದ್ದರು ಎಲ್ಲರೂ. ಕಡೆಗೆ ಯಾವುದಕ್ಕೋ ಹತ್ತಿದರು. ನಾನು ಗಿರಾಕಿ ನೋಡ್ತಿದ್ದೆ ಅಮ್ಮ." ಅವನ ಮುಖ ಸಣ್ಣದಾಯಿತು. "ಅದು ಇವರೇನಾ?"

ಊರು ಬೇರೆ ಎಂದು ಅವನು ಬಿಟ್ಟುಬಿಟ್ಟಿದ್ದ. ಅವನೊಬ್ಬನೇ ಅಲ್ಲ, ಇನ್ನೆಷ್ಟು ಮಂದಿ ಹಾಗೆಯೇ ಬಿಟ್ಟಿರಬಹುದು? ನಾವು ಹುಡುಕುತ್ತಿದ್ದದ್ದು ದುರ್ಗಾನಗರದ ಶೇಷಪ್ಪನನ್ನು. ಅಂಥವರೊಬ್ಬರು ಎಲ್ಲಿಯೂ ಇರಲಿಲ್ಲ.

ಊರಿಗೆ ಬಂದವಳು ಮನೆಗೆ ಹೋಗದೆ ಸೀದಾ ಪಂಚಾಯತು ಆಫೀಸಿಗೆ ಹೋದೆ. ನಮ್ಮ ವಾರ್ಡಿನ ಮೆಂಬರ್ ಧನರಾಜ್ ಅಲ್ಲಿದ್ದ. ಕೆಟ್ಟವನಲ್ಲ. ನಮ್ಮವರು ಕಾಣೆಯಾದ ಸುದ್ದಿ ಕೇಳಿ ಹಿಂದಿನ ಸಂಜೆಯೇ ಜೀಪು ತೆಗೆದುಕೊಂಡು ಚಾರ್ಮಾಡಿಯವರೆಗೆ ಹೋಗಿ ಬಂದಿದ್ದ.

"ಧನರಾಜ, ಒಂದು ಉಪಕಾರ ಮಾಡು. ಆ ಕಮಾನಿಗೆ ನಾಲ್ಕು ದಿನದ ಮಟ್ಟಿಗೆ ಒಂದು ಬಟ್ಟೆ ಕಟ್ಟಿಸು. ತಂಗುದಾಣದಲ್ಲಿ ಬಸ್ತಿಮಾರು ಅಂತ ಬರೆಸು. ಅವರು ಯಾವ ಬಸ್ಸಿನಲ್ಲಿಯಾದರೂ ಈ ರಸ್ತೆಯಲ್ಲಿ ಬಂದರೆ ಕಂಡು ಇಳಿಯಬೇಕಲ್ಲ?"

ಅವನು ನೆತ್ತಿ ಕೆರೆದುಕೊಂಡ. "ಪ್ರೇಮಕ್ಕ, ಆ ಕಮಾನಿಗೆ ಬಟ್ಟೆ ಕಟ್ಟಿದರೆ ನಾಳೆ ಏನಾಗ್ತದೆ ಗೊತ್ತುಂಟಾ? ದೇವಿಯ ಹೆಸರು ಮುಚ್ಚಿದರು ಅಂತ ಊರಿಡೀ ಸುದ್ದಿ. ನೀವೂ ತಾನೇ ಐದು ದಿನ ಅಲ್ಲಿ ಪಾತ್ರೆ ತೊಳೆದದ್ದು? ದೇವಿಯ ಹೆಸರು ಬೇಡವಾ ನಿಮಗೆ?"

"ದೇವಿ ಬೇಡ ಅಂತ ನಾನೆಲ್ಲಿ ಹೇಳಿದೆ? ದೇವಿ ಗುಡ್ಡೆಯಲ್ಲಿ ಅವಳ ಜಾಗದಲ್ಲಿ ಇದ್ದಾಳೆ. ನಮ್ಮವರು ಎಲ್ಲಿದ್ದಾರೆ?"

"ಇದು ನಾನೊಬ್ಬ ಮಾಡಿದ್ದಲ್ಲ ಅಕ್ಕ. ವಾರ್ಡ್ ಸಭೆಯ ನಿರ್ಣಯ."

"ಯಾರು ಮಾಡಿದ ನಿರ್ಣಯ? ಕೇಳುತ್ತೇನೆ ಅವರನ್ನು."

ಅವನಿಗೆ ಹೇಳಲು ಮನಸ್ಸಿರಲಿಲ್ಲ. ಆದರೆ ಪುಸ್ತಕ ತೆಗೆದು, ಪುಟ ತೆರೆದು, ನನ್ನ ಕಡೆ ತಿರುಗಿಸಿದ. ನಾನು ಬೆರಳಿಟ್ಟು ಓದಿದೆ. "ಬಸ್ತಿಮಾರು ವಾರ್ಡನ್ನು ಇನ್ನು ಮುಂದೆ ದುರ್ಗಾನಗರ ಎಂದು ಕರೆಯಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಕೆಳಗೆ ಸಹಿಗಳ ಸಾಲು. ಮೊದಲನೆಯದು ಪ್ರೇಮಾವತಿ.

ನಮ್ಮಲ್ಲಿ ಸಭೆ ನಡೆಯುವುದು ಹಾಗೆ. ಜನ ಎದ್ದು ಹೋಗುವ ಮೊದಲು ಕೋರಂ ಆಗಬೇಕೆಂದು ಶುರುವಿಗೇ ಪುಸ್ತಕ ಸುತ್ತು ಬರುತ್ತದೆ. ಮೇಲೆ ಖಾಲಿ ಜಾಗ, ಕೆಳಗೆ ಸಹಿ. ನಿರ್ಣಯ ಬರೆಯುವುದು ಆಮೇಲೆ. ಪ್ರತಿ ಸಲವೂ ಧನರಾಜ್ ಪುಸ್ತಕವನ್ನು ಮೊದಲು ನನ್ನ ಕೈಗೆ ಕೊಡುತ್ತಾನೆ. "ಪ್ರೇಮಕ್ಕನ ಸಹಿ ಗಣಪತಿ ಪೂಜೆ ಇದ್ದ ಹಾಗೆ, ಅದಿಲ್ಲದೆ ಸಭೆ ಸುರುವಾಗುವುದಿಲ್ಲ" ಎನ್ನುತ್ತಾನೆ. ನನಗೂ ಅದು ಇಷ್ಟ. ಹೆಬ್ಬೆಟ್ಟು ಒತ್ತುತ್ತಿದ್ದವಳು ನಾನು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಬೀಡಿ ಕಟ್ಟಿ ಮುಗಿಸಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು. ಟೀಚರು ಮೊದಲ ದಿನ ಬರೆಸಿದ್ದು ನನ್ನ ಹೆಸರು, ಎರಡನೆಯ ದಿನ ಊರಿನ ಹೆಸರು. ಒಂದನ್ನು ಬರೆದು ಇನ್ನೊಂದನ್ನು ಅಳಿಸಿದ್ದೆ.

"ಆ ದಿನ ನೀವು ಕೈ ಚಪ್ಪಾಳೆ ಕೂಡ ಹೊಡೆದಿದ್ದೀರಿ ಅಕ್ಕ," ಎಂದ ಧನರಾಜ್, ಮೆಲ್ಲಗೆ. ನಿಜವೇ. ಬೀದಿ ದೀಪ ಹಾಕಿಸುತ್ತೇವೆ ಎಂದದ್ದಕ್ಕೆ ಹೊಡೆದೆನೋ, ಇದಕ್ಕೆ ಹೊಡೆದೆನೋ, ಈಗ ನೆನಪಿಲ್ಲ.

ಆಫೀಸಿನ ಮೆಟ್ಟಲಲ್ಲಿ ತುಂಬಾ ಹೊತ್ತು ಕೂತಿದ್ದೆ. ಎರಡನೆಯ ದಿನವೂ ಮುಗಿಯುತ್ತಾ ಬಂದಿತ್ತು. ಮಾತ್ರೆ ಇಲ್ಲದೆ, ಊಟವಿಲ್ಲದೆ ಅವರು ಈ ಮೂರು ತಾಲೂಕಿನ ಯಾವುದೋ ರಸ್ತೆಯಲ್ಲಿ, ಇಲ್ಲದ ಊರಿಗೆ ಬಸ್ಸು ಕೇಳುತ್ತಿದ್ದರು. ಎಲ್ಲರೂ ಇಲ್ಲ ಎನ್ನುತ್ತಿದ್ದರು. ಇಲ್ಲ ಎಂದು ಮೊದಲು ಹೇಳಿದವಳು ನಾನು.

ಬೀಫಾತಿಮಾ ಬಂದು ಪಕ್ಕದಲ್ಲಿ ಕೂತಳು. "ಏಳಿ ಪ್ರೇಮಕ್ಕ. ಪುಸ್ತಕದಲ್ಲಿ ಬರೆದದ್ದು ಪುಸ್ತಕದಲ್ಲಿ ಇರಲಿ. ನಿಮಗೆ ಬರೆಯಲಿಕ್ಕೆ ಬರ್ತದಲ್ಲ? ನನಗೆ ಬರುವುದಿಲ್ಲ. ನೀವೇ ಬರೆಯಿರಿ."

ಅವಳ ಅಂಗಡಿಯಲ್ಲಿ ಸಾಮಾನು ಕಟ್ಟುವ ಕ್ಯಾಲೆಂಡರಿನ ಹಾಳೆ ಇತ್ತು. ಅದರ ಹಿಂಬದಿಯಲ್ಲಿ, ಅವಳ ಅಂಗಡಿಯ ದಪ್ಪ ನೀಲಿ ಪೆನ್ನಿನಲ್ಲಿ ಬರೆದೆ. ಅಕ್ಷರ ದೊಡ್ಡದು ಚಿಕ್ಕದು ಆಯಿತು. "ಬಸ್ತಿಮಾರಿನ ಶೇಷಪ್ಪ ಕಾಣೆಯಾಗಿದ್ದಾರೆ. ಕಂಡಕ್ಟರ್ ಆಗಿದ್ದವರು. ಮೀಸೆ ಇಲ್ಲ. ಸಪೂರ ಆಗಿದ್ದಾರೆ. ಬಸ್ತಿಮಾರಿಗೆ ಬಸ್ಸು ಕೇಳುತ್ತಾರೆ. ಇಲ್ಲ ಎನ್ನಬೇಡಿ, ಕೂರಿಸಿಕೊಳ್ಳಿ." ಕೆಳಗೆ ಫೋನು ನಂಬ್ರ.

ದೀಪಶ್ರೀ ನೋಡಿ, "ಅಮ್ಮ, ಈ ಹೆಸರು ಈಗ ಯಾವ ದಾಖಲೆಯಲ್ಲಿಯೂ ಇಲ್ಲ. ಜನರಿಗೆ ಗೊಂದಲ ಆಗ್ತದೆ," ಎಂದಳು.

"ನಿನ್ನ ಅಪ್ಪ ದಾಖಲೆ ಓದಿ ಮಾತಾಡ್ತಾರಾ?"

ಅವಳು ಹಾಳೆಯ ಚಿತ್ರ ತೆಗೆದು ಲತೇಶನಿಗೆ ಕಳಿಸಿದಳು. ಅವನು ಬಸ್ಸಿನವರ ಗುಂಪಿಗೆಲ್ಲ ಹಾಕಿದ. ಬರೆದ ಹಾಳೆಯನ್ನು ಬೀಫಾತಿಮಾ ತಂಗುದಾಣದ ಕಂಬಕ್ಕೆ ಅನ್ನದ ಗಂಜಿಯಲ್ಲಿ ಅಂಟಿಸಿದಳು, ಹಳದಿ ಬಣ್ಣದ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಕರೆ ಬಂತು. ಮೂಡುಬಿದಿರೆಯಿಂದ. ಒಂದು ಬಸದಿಯ ಪುರೋಹಿತರು. ನಮ್ಮ ಕಡೆ ಅವರನ್ನು ಇಂದ್ರರು ಎನ್ನುತ್ತೇವೆ.

"ಬಸ್ತಿಮಾರು ಅಂತ ಬರೆದವರು ನೀವೇನಾ? ಒಬ್ಬರು ನಿನ್ನೆ ಸಂಜೆಯಿಂದ ಇಲ್ಲಿ ನಮ್ಮ ಜಗಲಿಯಲ್ಲಿ ಇದ್ದಾರೆ."

ನಾನು ಹೋಗುವಾಗ ಅವರು ಬಸದಿಯ ಹೊರಗಿನ ಜಗಲಿಯಲ್ಲಿ ಕೂತಿದ್ದರು. ಕಾಲಿನಲ್ಲಿ ಒಂದೇ ಚಪ್ಪಲಿ. ಇನ್ನೊಂದು ಪಾದಕ್ಕೆ ಇಂದ್ರರು ಅರಶಿನ ಹಚ್ಚಿ ಬಟ್ಟೆ ಸುತ್ತಿದ್ದರು. ಚರ್ಮದ ಚೀಲ ಎದೆಗೆ ಅವಚಿಕೊಂಡಿದ್ದರು. ಮೈ ಕಾಯುತ್ತಿತ್ತು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು, ಸೀಟಿನಲ್ಲಿ ಹೆಂಗಸರಿಗೆ ಮಾಡಿಕೊಡುವ ಹಾಗೆ.

"ನಿನ್ನೆ ಇವರು ಏನೂ ಹೇಳುತ್ತಿರಲಿಲ್ಲ," ಎಂದರು ಇಂದ್ರರು. "ದುರ್ಗಾನಗರದವರು ಕಾಣೆ ಅಂತ ನನಗೂ ಬಂದಿತ್ತು, ಇವರನ್ನು ಕೇಳಿದೆ. ಅಲ್ಲ ಅಂತ ತಲೆ ಆಡಿಸಿದರು. ಇವತ್ತು ಬೆಳಿಗ್ಗೆ ಅಭಿಷೇಕ ಮಾಡುವಾಗ ಒಂದೊಂದು ಸ್ವಾಮಿಯ ಮೂಲಸ್ಥಾನ ಹೇಳ್ತೇವೆ ನಾವು, ಎಲ್ಲಿಂದ ಬಂದವರು ಅಂತ. ನನ್ನ ಅಜ್ಜ ಹೇಳುತ್ತಿದ್ದರು, ನಾನೂ ಹೇಳ್ತೇನೆ. ಬಸ್ತಿಮಾರಿನ ಪಾರ್ಶ್ವನಾಥ ಸ್ವಾಮಿ ಅಂದ ಕೂಡಲೇ ಇವರು ಜಗಲಿಯಿಂದ ಎದ್ದು, ಚೀಲ ಬಗಲಿಗೆ ಹಾಕಿ, ಮೆಟ್ಟಲು ಇಳಿದು ಅಂಗಳದಲ್ಲಿ ನಿಂತರು. ನನಗೆ ಆಶ್ಚರ್ಯ. ಆಮೇಲೆ ನಿಮ್ಮ ಬರಹ ಯಾರೋ ತೋರಿಸಿದರು."

ಅರುವತ್ತು ವರ್ಷ ಹಿಂದೆ ಹೊತ್ತು ತಂದ ಸ್ವಾಮಿಯನ್ನು ನಾನು ಬಾಗಿಲಿನಿಂದಲೇ ನೋಡಿದೆ. ಕಪ್ಪು ಕಲ್ಲು, ತಲೆಯ ಮೇಲೆ ಹೆಡೆ. ನಮ್ಮೂರಿನ ಹೆಸರನ್ನು ಇನ್ನೂ ಹೇಳುವವರು ಈ ಇಂದ್ರರೊಬ್ಬರೇ. ಕೈ ಮುಗಿಯಲು ಸಹ ನನಗೆ ನಾಚಿಕೆಯಾಯಿತು.

ಧನರಾಜ್ ಜೀಪು ತಂದಿದ್ದ. ನಮ್ಮವರು ಹತ್ತಲಿಲ್ಲ, ಜೀಪಿನ ಬಾಗಿಲು ಕಂಡರೆ ಹಿಂದೆ ಹಿಂದೆ ಸರಿದರು. ಕಡೆಗೆ ಬಸ್ಸಿನಲ್ಲಿಯೇ ಹೊರಟೆವು. ಲತೇಶನ ಬಸ್ಸು. ಅವರು ಕಿಟಕಿಯ ಬದಿ, ನಾನು ಪಕ್ಕದಲ್ಲಿ. ಜ್ವರದಲ್ಲಿಯೂ ಸ್ಟಾಪುಗಳನ್ನು ಒಂದೊಂದಾಗಿ ಹೇಳುತ್ತಾ ಬಂದರು. ವೇಣೂರು ದಾಟಿತು. ನಾನು ಅವರ ಚೀಲವನ್ನು ಬಗಲಿಗೆ ಸರಿಮಾಡಿದೆ.

ಬಸ್ಸು ನಿಂತಿತು. ಲತೇಶ್ ಇದ್ದ ಸ್ವರವನ್ನೆಲ್ಲ ತೆಗೆದು ಕೂಗಿದ: "ಬಸ್ತಿಮಾರು, ಇಳಿಯುವವರು ಇಳಿಯಿರಿ!"

ನಮ್ಮವರು ಎದ್ದರು. ನಾನು ಕೈ ಹಿಡಿದೆ. ಎದ್ದವರು ಬಗ್ಗಿ ಕಿಟಕಿಯಿಂದ ಹೊರಗೆ ನೋಡಿದರು. ಕಮಾನು. ಹಳದಿ ಗೋಡೆ. ಮೆಲ್ಲಗೆ ಕೂತುಬಿಟ್ಟರು.

"ಇದಲ್ಲ. ಹೊಸ ಹುಡುಗ, ಅವನಿಗೆ ಗೊತ್ತಿಲ್ಲ. ಇನ್ನೂ ಬರಲಿಲ್ಲ."

"ಇದುವೇ, ಏಳಿ. ಬಸ್ತಿಮಾರು ಇದುವೇ."

"ನಿಮಗೆ ಗೊತ್ತಿಲ್ಲ. ಬಸ್ತಿಮಾರಿನಲ್ಲಿ ಬರೆದಿರ್ತದೆ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಜೀಪಿನಲ್ಲಿ ಮೊದಲೇ ಬಂದು ನಿಂತಿದ್ದ ಧನರಾಜ್ ಬಾಗಿಲಿಗೆ ಬಂದು, "ಶೇಷಪ್ಪಣ್ಣ, ಊರು ಬಂತು, ಇಳಿಯಿರಿ," ಎಂದ. ನಮ್ಮವರು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಲತೇಶ್ ಬೆರಳು ಬಿಡಿಸಲು ಹೋದಾಗ ಗೇಟಿನಲ್ಲಿ ಅಳುವ ಹಾಗೆಯೇ ಅಳಲು ಶುರು ಮಾಡಿದರು. ಅವರನ್ನು ಎಳೆಯಬೇಡಿ ಎಂದು ನಾನು ಕೂಗಿದೆ. ಮೂರು ದಿನ ಹುಡುಕಿ ತಂದವರನ್ನು ಮನೆಯೆದುರಿನಿಂದ ಮತ್ತೆ ಬೆಳ್ತಂಗಡಿಗೆ ಕೊಂಡುಹೋಗಬೇಕೇ? ಅಲ್ಲಿಂದ ಎಲ್ಲಿಗೆ?

ಆಗ ಬೀಫಾತಿಮಾ ಕಿಟಕಿಯ ಕೆಳಗೆ ಬಂದು ನಿಂತಳು. ಅವಳ ಕೈಯಲ್ಲಿ ಕಂಬದಿಂದ ಕಿತ್ತ ಹಾಳೆ, ಒಂದು ಮೂಲೆ ಹರಿದಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ನಮ್ಮವರ ಅಳು ನಿಂತಿತು. ಕಣ್ಣು ಕಿರಿದು ಮಾಡಿ, ಬೋರ್ಡು ಓದುವ ಹಾಗೆ ಗಟ್ಟಿಯಾಗಿ ಓದಿದರು.

"ಬಸ್ತಿಮಾರಿನ... ಶೇಷಪ್ಪ... ಕಾಣೆಯಾಗಿದ್ದಾರೆ."

ಇನ್ನೊಮ್ಮೆ ಓದಿದರು. ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

"ಅಯ್ಯೋ, ಇವ ನಮ್ಮ ಊರಿನವ," ಎಂದರು. "ಪಾಪ, ಮನೆಯವರು ಎಷ್ಟು ಹುಡುಕ್ತಿದ್ದಾರೋ. ಬನ್ನಿ, ಇಳಿಯುವ. ನಾವೂ ಹುಡುಕುವ."

ಕಂಬಿ ಬಿಟ್ಟರು. ಬಟ್ಟೆ ಸುತ್ತಿದ ಕಾಲನ್ನು ಮೊದಲು ಮೆಟ್ಟಲಿಗೆ ಇಟ್ಟು, ನನಗೆ ಕೈ ಕೊಟ್ಟು ಇಳಿಸಿಕೊಂಡು, ಬಸ್ಸಿನ ಬದಿಗೆ ಎರಡು ಸಲ ತಟ್ಟಿ "ರೈಟ್" ಎಂದರು. ಬಸ್ಸು ಹೋಯಿತು. ಧನರಾಜ್ ಕಮಾನಿನ ಕೆಳಗೆ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕ, ಮುಂದಿನ ಸಭೆಯಲ್ಲಿ..." ಎಂದು ಏನೋ ಹೇಳಲು ಬಂದ.

"ಬರ್ತೇನೆ. ಮೊದಲು ಓದ್ತೇನೆ," ಎಂದೆ.

ನಮ್ಮವರು ಬೀಫಾತಿಮಾಳ ಕೈಯಿಂದ ಹಾಳೆಯನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಚರ್ಮದ ಚೀಲದೊಳಗೆ ಇಟ್ಟರು. ರಸ್ತೆಯ ಎರಡೂ ಬದಿ ನೋಡಿದರು.

"ಯಾವ ಕಡೆ ಹೋಗಿರಬಹುದು ಅವ?" ಎಂದು ನನ್ನನ್ನು ಕೇಳಿದರು.

ನಾನು ನಮ್ಮ ಓಣಿಯ ಕಡೆ ಕೈ ತೋರಿಸಿದೆ. ಅವರು ಕುಂಟುತ್ತಾ ಮುಂದೆ ನಡೆದರು. ಎದುರು ಸಿಕ್ಕಿದ ಒಬ್ಬೊಬ್ಬರನ್ನೂ ನಿಲ್ಲಿಸಿ, ಶೇಷಪ್ಪನನ್ನು ಕಂಡಿರಾ ಎಂದು ಕೇಳುತ್ತಾ ಹೋದರು.